ಹದಿನಾರು ಔನ್ಸ್ ಅಂತ ಅಚ್ಚು ಹಾಕಿದ್ದರೆ ಸಾಲದು

ಬಳ್ಳಾರಿಯ ನಮ್ಮ ಬಾಕ್ಸಿಂಗ್ ತರಬೇತಿ ಕೇಂದ್ರಕ್ಕೆ ಹೊಸ ಲಾಟ್ ಗ್ಲೌಸ್ ಬಂದ ತಿಂಗಳಲ್ಲೇ ಸಿರುಗುಪ್ಪ ಕಡೆಯ ಹುಡುಗನೊಬ್ಬ ಹೆವಿ ಬ್ಯಾಗ್ (ತೂಗುಹಾಕಿದ ಭಾರದ ಚೀಲ) ಹೊಡೆಯುತ್ತಾ ಕೈ ಮುರಿದುಕೊಂಡ. ಗ್ಲೌಸ್ ಹೊಸದು, ಮೇಲೆ ದೊಡ್ಡಕ್ಷರದಲ್ಲಿ 16 ಔನ್ಸ್ ಅಂತ ಅಚ್ಚು, ಒಳಗೆ ಕೈಗೆ ಬಟ್ಟೆಪಟ್ಟಿಯ ಬ್ಯಾಂಡೇಜೂ ಸುತ್ತಿತ್ತು. ಆಫೀಸಿನಲ್ಲಿ ಕೇಳಿದ್ದು ಒಂದೇ ಮಾತು: "ಹೊಸಾ ಗ್ಲೌಸ್ ಹಾಕ್ಕೊಂಡೂ ಹೆಂಗ್ ಮುರಿತೈತ್ರಿ ಕೋಚ್ ಸಾರ್? ಹುಡುಗನಿಗೆ ಹೊಡಿಯಾಕ ಬರಲ್ಲ ಅನ್ರಿ." ಆ ಹುಡುಗನಿಗೆ ಹೊಡೆಯಲು ಚೆನ್ನಾಗಿಯೇ ಬರುತ್ತದೆ. ತಪ್ಪಿದ್ದದ್ದು ಗ್ಲೌಸಿನಲ್ಲಿ. ಎಲ್ಲಿ ತಪ್ಪಿತ್ತು ಅನ್ನುವುದನ್ನು ತೂಕ, ಅಳತೆ ಸಮೇತ ಬರೆದಿಡುತ್ತಿದ್ದೇನೆ. 2018ರಲ್ಲಿ ತೋರಣಗಲ್ಲಿನ ಪಕ್ಕದ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅನ್ನುವ ಕ್ರೀಡಾ ತರಬೇತಿ ಸಂಸ್ಥೆ ಶುರುವಾದಾಗಿನಿಂದ ನಮ್ಮ ಕಡೆ ಬಾಕ್ಸಿಂಗ್ ಅಂದರೆ ಏನು ಅಂತ ತಂದೆ ತಾಯಿಗಳಿಗೂ ಗೊತ್ತಾಗಿದೆ. ಮಕ್ಕಳಿಗೆ ಯಾವ ಗ್ಲೌಸ್ ಕೊಡಿಸಲಿ ಅಂತ ಕೇಳುವವರಿಗೂ ಇದು ಉಪಯೋಗಕ್ಕೆ ಬರಲಿ.

ಮೊದಲು ಅವತ್ತು ಆದದ್ದು. ಮೂರನೇ ರೌಂಡಿನ ಕೊನೆಯ ಅರ್ಧ ನಿಮಿಷ. ಆ ಹೊತ್ತಿಗೆ ಭುಜ ಸೋತಿರುತ್ತದೆ, ಮೊಣಕೈ ಹೊರಕ್ಕೆ ಅಗಲುತ್ತದೆ, ಬಲಗೈ ಹೊಡೆತ ತುಸು ಅಡ್ಡ ಬೀಳುತ್ತದೆ. ಗೆಣ್ಣು ಸರಿಯಾಗಿ ಕೂತರೆ ಬ್ಯಾಗ್ 'ಧಬ್' ಅನ್ನುತ್ತದೆ. ಅವತ್ತು ಬಂದದ್ದು 'ಟಕ್' ಅನ್ನುವ ಒಣ ಸದ್ದು. ಹುಡುಗ ಎಡಗೈಯಲ್ಲಿ ಇನ್ನೆರಡು ಜ್ಯಾಬ್ (ನೇರ ಹೊಡೆತ) ಹಾಕಿ ನಿಂತುಬಿಟ್ಟ. "ಏನಿಲ್ರಿ ಸಾರ್, ಕಿರುಬೆರಳ ಕಡೆ ಚುರ್ ಅಂತೈತಿ, ಅಷ್ಟ." ಇಂಥ ಹೊತ್ತಲ್ಲಿ ಗ್ಲೌಸಿನ ತುದಿ ಹಿಡಿದು ಎಳೆಯಬಾರದು. ವೆಲ್ಕ್ರೋ ಪೂರ್ತಿ ಬಿಡಿಸಿ, ಕಫ್ (ಮಣಿಕಟ್ಟು ಮುಚ್ಚುವ ಭಾಗ) ಎರಡೂ ಕಡೆ ಅಗಲಿಸಿ, ಕೈ ತಾನಾಗಿ ಜಾರಿ ಬರುವ ಹಾಗೆ ಮಾಡಬೇಕು. ಬ್ಯಾಂಡೇಜನ್ನು ಬಿಚ್ಚುತ್ತಾ ಕೂರದೆ ಅಂಗೈ ಕಡೆಯಿಂದ ಕತ್ತರಿಸಬೇಕು. ಆಮೇಲೆ ಮೆಲ್ಲಗೆ, ಆದಷ್ಟೇ ಮುಷ್ಟಿ ಕಟ್ಟಿಸಿ ನೋಡಬೇಕು. ನಾಲ್ಕೂ ಬೆರಳ ತುದಿ ಹೆಬ್ಬೆರಳಿನ ಬುಡದತ್ತ ಮುಖ ಮಾಡಿರಬೇಕು. ಒಂದು ಬೆರಳು ಪಕ್ಕದ್ದರ ಮೇಲೆ ಏರಿದರೆ ಒಳಗೆ ಮೂಳೆ ತಿರುಚಿರಬಹುದು. ಗೆಣ್ಣು ಒಳಕ್ಕೆ ಕುಸಿದಿದ್ದರೂ ತಡ ಮಾಡಬಾರದು. ಇವನದು ಕುಸಿದಿತ್ತು. ಉಂಗುರಬೆರಳು, ಕಿರುಬೆರಳು ಸೇರಿಸಿ ನಡುವೆ ಹತ್ತಿ ಇಟ್ಟು ಟೇಪ್, ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ, ಕೈ ಎದೆಗಿಂತ ಮೇಲೆ. ಅಲ್ಲಿಂದ ಆಟೋದಲ್ಲಿ ಎಕ್ಸ್‌ರೇಗೆ. ಐದನೇ ಮೆಟಾಕಾರ್ಪಲ್, ಅಂದರೆ ಕಿರುಬೆರಳಿಗೆ ಸೇರುವ ಅಂಗೈ ಮೂಳೆ, ಗೆಣ್ಣಿನ ಕೆಳಗೆ, ಮೂಳೆಯ 'ಕುತ್ತಿಗೆ' ಅನ್ನುವ ಭಾಗದಲ್ಲಿ ಮುರಿದಿತ್ತು.

ಹೊಡೆತ ಬೀಳಬೇಕಾದದ್ದು ತೋರುಬೆರಳು, ನಡುಬೆರಳಿನ ಗೆಣ್ಣುಗಳ ಮೇಲೆ. ಆ ಎರಡು ಮೂಳೆಗಳು ಬುಡದಲ್ಲಿ ಮಣಿಕಟ್ಟಿಗೆ ಬಿಗಿಯಾಗಿ ಕೂತಿವೆ. ಕಿರುಬೆರಳಿನದು ತೆಳು, ಬುಡದಲ್ಲೂ ಅಲುಗಾಡುತ್ತದೆ. ಇದನ್ನು ಮೊದಲ ವಾರವೇ ಹೇಳಿಕೊಡುತ್ತೇವೆ. ಆದರೆ ಸುಸ್ತಾದಾಗ ಎಂಥವರ ಹೊಡೆತವೂ ಆಚೆ ಸರಿಯುತ್ತದೆ. ಹಾಗೆ ಸರಿದ ಹೊಡೆತದಿಂದ ಕೈ ಕಾಯುವುದಕ್ಕೇ ಗ್ಲೌಸ್ ಇರುವುದು. ಚೆನ್ನಾಗಿ ಕೂತ ಹೊಡೆತವನ್ನು ಮಾತ್ರ ತಾಳುವ ಗ್ಲೌಸಿಗೆ ದುಡ್ಡು ಕೊಡುವುದು ದಂಡ.

ಆ ಗ್ಲೌಸನ್ನೂ, ಹೊಲಿಗೆ ಬಿಟ್ಟು ಮೂಲೆ ಸೇರಿದ್ದ ಹಳೆಯ ಚರ್ಮದ ಗ್ಲೌಸೊಂದನ್ನೂ ಬ್ಲೇಡಿನಿಂದ ಸೀಳಿ ಪಕ್ಕಪಕ್ಕ ಇಟ್ಟೆವು. ಹಳೆಯದರಲ್ಲಿ ಗೆಣ್ಣಿನ ಮೇಲೆ ಮೂರು ಪದರ: ಕೈಗೆ ತಾಗುವ ಕಡೆ ಮೆತ್ತನೆ ಲೇಟೆಕ್ಸ್, ನಡುವೆ ಉಗುರು ಊರಿದರೂ ಇಳಿಯದಷ್ಟು ಗಟ್ಟಿ ಫೋಮ್, ಮೇಲೆ ಇನ್ನೊಂದು ಮೆತ್ತನೆ ಪದರ. ನಡುವಿನ ಗಟ್ಟಿ ಪದರ ಹೊಡೆತವನ್ನು ಅಗಲಕ್ಕೆ ಹರಡುತ್ತದೆ, ಮೆತ್ತನೆಯದು ಉಳಿದದ್ದನ್ನು ನುಂಗುತ್ತದೆ. ಮುಖ್ಯವಾಗಿ ತೋರುಬೆರಳಿನಿಂದ ಕಿರುಬೆರಳಿನ ಅಂಚಿನವರೆಗೂ ದಪ್ಪ ಒಂದೇ ಸಮ. ಹೊಸದರಲ್ಲಿ ಇದ್ದದ್ದು ಇವಿಎ ಅನ್ನುವ ರಬ್ಬರಿನಂಥ ಫೋಮಿನ ಒಂದೇ ಹಾಳೆ. ನಡುವೆ ಹೆಬ್ಬೆರಳಿನಷ್ಟು ದಪ್ಪ, ಕಿರುಬೆರಳ ಕಡೆಗೆ ಬರುತ್ತಾ ಅದರ ಅರ್ಧವೂ ಇಲ್ಲ. ಹಾಳೆಯ ಕೆಳಗೆ ಸ್ಪಂಜಿನ ಚೂರುಗಳನ್ನು ತುರುಕಿದ್ದರು. ನಾಲ್ಕು ವಾರದ ಹೊಡೆತಕ್ಕೆ ಆ ಚೂರುಗಳೆಲ್ಲ ಬೆರಳ ತುದಿಯ ಕಡೆಗೆ ಸರಿದು, ಗೆಣ್ಣಿನ ಮೇಲೆ ಬರಿ ಹಾಳೆ ಉಳಿದಿತ್ತು. ತೂಕ ತುಂಬಿಸಲು ಕಫ್ ಒಳಗೆ ಮಡಚಿದ ರೆಕ್ಸಿನ್ ತುಂಡು.

ಅದೇ ಲಾಟಿನ ಬಾಕಿ ಜೊತೆಗಳನ್ನು ತಕ್ಕಡಿಗೆ ಹಾಕಿದೆವು. ಒಂದು ಔನ್ಸ್ ಅಂದರೆ ಸುಮಾರು 28.35 ಗ್ರಾಂ. 16 ಔನ್ಸಿನ ಒಂದು ಗ್ಲೌಸ್ 454 ಗ್ರಾಂ ತೂಗಬೇಕು, 14ರದ್ದು 397, 12ರದ್ದು 340, 10ರದ್ದು 284. ಒಂದು ಜೊತೆಯಲ್ಲಿ ಬಲಗೈಯದು 402, ಎಡಗೈಯದು 431 ಬಂತು. ಅಂದರೆ ಬಲಗೈಯದು ಹದಿನಾರು ಅಂತ ಅಚ್ಚು ಹಾಕಿಸಿಕೊಂಡ ಹದಿನಾಲ್ಕರ ಗ್ಲೌಸ್, ಅದೂ ಎರಡು ಕೈಗೂ ಬೇರೆ ಬೇರೆ ತೂಕ. ಹತ್ತು ಗ್ರಾಂ ಆಚೆ ಈಚೆ ಒಪ್ಪಬಹುದು, ಐವತ್ತು ಗ್ರಾಂ ಒಪ್ಪುವ ಮಾತಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ಇದು ಗೊತ್ತಾಗುತ್ತದೆ. ಮಾಲು ಇಳಿಸಿಕೊಂಡ ದಿನ ಸ್ಟೋರಿನಲ್ಲಿ ಎಣಿಸಿ ರಿಜಿಸ್ಟರಿಗೆ ಏರಿಸಿದರೇ ಹೊರತು ಒಂದನ್ನೂ ತೂಗಲಿಲ್ಲ.

ಇಷ್ಟಾದರೂ ತೂಕ ಸರಿ ಇದ್ದ ಮಾತ್ರಕ್ಕೆ ಗ್ಲೌಸ್ ಒಳ್ಳೆಯದು ಅಂತಲ್ಲ. ಔನ್ಸ್ ಹೇಳುವುದು ತೂಕವನ್ನು. ಆ ತೂಕ ಎಲ್ಲಿ ಕೂತಿದೆ ಅನ್ನುವುದನ್ನು ಕೈಯಿಂದಲೇ ನೋಡಬೇಕು. ಅಂಗಡಿಗೆ ಹೋಗುವಾಗ ಬ್ಯಾಂಡೇಜ್ ಜೊತೆಗೆ ಒಯ್ಯಿರಿ, ಸುತ್ತಿಕೊಂಡೇ ಹಾಕಿ ನೋಡಿ. ಬರಿಗೈಗೆ ಸರಿಹೋದದ್ದು ಬ್ಯಾಂಡೇಜ್ ಸುತ್ತಿದ ಕೈಗೆ ಹಿಡಿಯುವುದಿಲ್ಲ. ಬೆರಳ ತುದಿ ಮೇಲಿನ ಹೊಲಿಗೆಗೆ ಹಗುರವಾಗಿ ತಾಗಬೇಕು, ಒತ್ತಬಾರದು. ಮುಷ್ಟಿ ಕಟ್ಟಿ ಹತ್ತು ಎಣಿಸಿ. ಮುಷ್ಟಿ ಮುಚ್ಚಿಡಲು ಮುಂಗೈ ಬಿಗಿಯಬೇಕಾಗಿ ಬಂದರೆ ಅದು ಬೇಡ. ಅಂಥದ್ದರಲ್ಲಿ ಸುಸ್ತಾದಾಗ ಮುಷ್ಟಿ ಅರ್ಧ ತೆರೆದೇ ಹೊಡೆತ ಬೀಳುತ್ತದೆ, ಗೆಣ್ಣಿಗೂ ಮಣಿಕಟ್ಟಿಗೂ ಪೆಟ್ಟು. ಇನ್ನೊಂದು ಕೈಯ ಹೆಬ್ಬೆರಳಿನಿಂದ ನಾಲ್ಕೂ ಗೆಣ್ಣುಗಳ ಮೇಲೆ ಒಂದೊಂದಾಗಿ ಜೋರಾಗಿ ಒತ್ತಿ. ಒಳಗಿನ ಗೆಣ್ಣು ಬೆರಳಿಗೆ ಸಿಕ್ಕಿತೋ, ಅಲ್ಲಿಗೇ ಬಿಟ್ಟುಬಿಡಿ. ಕಿರುಬೆರಳ ಕಡೆ ಮರೆಯದೆ ಒತ್ತಿ, ಕಳ್ಳತನ ನಡೆಯುವುದೇ ಅಲ್ಲಿ. ಒತ್ತಿದ ಗುಳಿ ಕೈ ತೆಗೆದ ಕೂಡಲೇ ಮೇಲೆ ಬರಬೇಕು.

ಆಮೇಲೆ ಮಣಿಕಟ್ಟು. ವೆಲ್ಕ್ರೋ ಹಾಕಿ ಗ್ಲೌಸನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನೋಡಿ. ಕಫ್ ಮಣಿಕಟ್ಟಿನ ಕೀಲನ್ನು ದಾಟಿ ಕನಿಷ್ಠ ಮೂರು ಬೆರಳಿನಷ್ಟು ಮುಂಗೈಗೆ ಬರಬೇಕು, ಸುಲಭಕ್ಕೆ ಬಗ್ಗಬಾರದು. ಲೇಸ್ ಹೆಚ್ಚು ಬಿಗಿ, ನಿಜ, ಆದರೆ ಕಟ್ಟಲು ಇನ್ನೊಬ್ಬರು ಬೇಕು. ದಿನದ ಪ್ರಾಕ್ಟೀಸಿಗೆ ಅಗಲ ವೆಲ್ಕ್ರೋವೇ ಸರಿ. ಹೆಬ್ಬೆರಳನ್ನು ಗ್ಲೌಸಿನ ಮೈಗೆ ಹಿಡಿದಿಡುವ ಚಿಕ್ಕ ಚರ್ಮದ ಪಟ್ಟಿ ಇದೆಯಾ, ಅದರ ಹೊಲಿಗೆ ಎರಡು ಸಾಲು ಇದೆಯಾ ನೋಡಿ. ಅದಿಲ್ಲದಿದ್ದರೆ ಹುಕ್ (ಪಕ್ಕದಿಂದ ಬಾಗಿಸಿದ ಹೊಡೆತ) ಹೊಡೆಯುವಾಗ ಹೆಬ್ಬೆರಳು ಸಿಕ್ಕಿ ಹಿಂದಕ್ಕೆ ತಿರುಗುತ್ತದೆ, ಬುಡದ ಕೀಲು ಹಿಡಿದಿಡುವ ಲಿಗಮೆಂಟ್ ಹರಿಯುತ್ತದೆ. ಕೊನೆಗೆ ಒಳಕ್ಕೆ ಬೆರಳು ಹಾಕಿ ಅಸ್ತರನ್ನು ಚಿವುಟಿ ಎಳೆಯಿರಿ. ಕಿತ್ತು ಬರುವ ಅಸ್ತರು ಬೆವರಿಗೆ ಮುದ್ದೆಗಟ್ಟುತ್ತದೆ, ಬೆರಳು ಅದರಡಿ ಸಿಕ್ಕಿ ಮುಷ್ಟಿ ಓರೆಯಾಗುತ್ತದೆ. ನಮ್ಮ ಕಡೆ ಸಿಗುವ ಮಾಲು ಹೆಚ್ಚಾಗಿ ಮೀರತ್, ಜಲಂಧರಿನದು. ಅಲ್ಲಿ ಬಹಳ ಒಳ್ಳೆಯದೂ ತಯಾರಾಗುತ್ತದೆ, ಈ ಲಾಟಿನಂಥದ್ದೂ ತಯಾರಾಗುತ್ತದೆ. ಊರು ಕೇಳಿ ಕೊಳ್ಳಬೇಡಿ, ಕೈಯಿಂದ ಒತ್ತಿ ನೋಡಿ ಕೊಳ್ಳಿ.

ಖರೀದಿ ಕಮಿಟಿಯ ಮೀಟಿಂಗಿನಲ್ಲಿ ಬಂದ ಇನ್ನೊಂದು ವಾದ: "ಕಾಂಪಿಟಿಷನ್ನಾಗ 10 ಔನ್ಸ್ ಹಾಕ್ತಾರ, ಪ್ರಾಕ್ಟೀಸಿಗ್ಯಾಕ 16?" ಅಮೆಚೂರ್ ಕಾಂಪಿಟಿಷನ್ನಿನಲ್ಲಿ ಹಗುರ ತೂಕದವರಿಗೂ ಹೆಣ್ಣುಮಕ್ಕಳಿಗೂ 10, ಭಾರ ತೂಕದ ಗಂಡಸರಿಗೆ 12 ಅನ್ನುವುದು ಸರಿ. ಆದರೆ ಅಲ್ಲಿ ಮೂರು ಮೂರು ನಿಮಿಷದ ಮೂರು ರೌಂಡು, ಮುಗಿಯಿತು. ಇಲ್ಲಿ ದಿನಾ ಬೆಳಿಗ್ಗೆ ಸಂಜೆ ನೂರಾರು ಹೊಡೆತ ಅದೇ ಕೈ ತಿನ್ನಬೇಕು. ಸ್ಪಾರಿಂಗಿಗೆ, ಅಂದರೆ ಜೊತೆಗಾರನೊಂದಿಗೆ ಹೊಡೆದಾಡುವ ಅಭ್ಯಾಸಕ್ಕೆ, ದೊಡ್ಡವರಿಗೆ 16, ಐವತ್ತೈದು ಕೆಜಿ ಒಳಗಿನವರಿಗೆ 14. ಬ್ಯಾಗಿಗೆ, ಕೋಚ್ ಕೈಯಲ್ಲಿ ಹಿಡಿಯುವ ಪ್ಯಾಡಿಗೆ 12 ಅಥವಾ 14. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ 8 ಸಾಕು, ದೊಡ್ಡದು ಕೊಟ್ಟರೆ ಮಣಿಕಟ್ಟು ಸೋಲುತ್ತದೆ. ಬ್ಯಾಗಿನ ಗ್ಲೌಸ್ ಬೇರೆ, ಸ್ಪಾರಿಂಗಿನದು ಬೇರೆ ಇರಲೇಬೇಕು. ಬ್ಯಾಗ್ ಹೊಡೆದು ಹೊಡೆದು ಫೋಮ್ ಕೂತ ಗ್ಲೌಸಿನಲ್ಲಿ ಸ್ಪಾರಿಂಗಿಗೆ ಇಳಿದರೆ ಜೊತೆಗಾರನ ಹುಬ್ಬು ಒಡೆಯುತ್ತದೆ. ಎರಡು ಜೊತೆಗೆ ದುಡ್ಡಿಲ್ಲದಿದ್ದರೆ ಸ್ವಂತದ್ದು ಬ್ಯಾಗಿಗೆ ಇರಲಿ, ಸ್ಪಾರಿಂಗಿನದು ಕೇಂದ್ರದಲ್ಲಿ ಬೇರೆ ಕಪಾಟಿನಲ್ಲಿರಲಿ.

ಬ್ಯಾಂಡೇಜ್ ದೊಡ್ಡವರಿಗೆ 4.5 ಮೀಟರ್, ಮಕ್ಕಳಿಗೆ 3 ಮೀಟರಿನ ಹತ್ತಿರ. ಸುತ್ತುವಾಗ ಬೆರಳು ಪೂರ್ತಿ ಅಗಲಿಸಿರಬೇಕು. ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು, ಬೆರಳ ಸಂದಿಗಳಲ್ಲಿ ಒಂದೊಂದು, ಹೆಬ್ಬೆರಳಿಗೆ ಒಂದು, ಉಳಿದದ್ದು ಮಣಿಕಟ್ಟಿಗೆ. ಮುಷ್ಟಿ ಕಟ್ಟಿದಾಗ ಬಿಗಿಯಾಗಬೇಕು, ಬಿಟ್ಟಾಗ ಸಡಿಲ ಅನಿಸಬೇಕು. ಬೆರಳು ಜುಮುಗುಟ್ಟಿದರೆ ಬಿಚ್ಚಿ ಮತ್ತೆ ಸುತ್ತಿ. ಬ್ಯಾಂಡೇಜ್ ಕೈಯ ಸಣ್ಣ ಮೂಳೆಗಳನ್ನು ಒಟ್ಟಿಗೆ ಹಿಡಿದಿಡುತ್ತದೆ, ಅಷ್ಟೇ ಅದರ ಕೆಲಸ. ಗೆಣ್ಣಿನ ಮೇಲಿನ ಮೆತ್ತೆಯ ಕೆಲಸವನ್ನು ಅದು ಮಾಡುವುದಿಲ್ಲ.

ಬ್ಯಾಗಿನ ಪಾಲೂ ಇದೆ. ನಮ್ಮಲ್ಲಿ ಬ್ಯಾಗಿಗೆ ತುಂಬುವುದು ಜೀನ್ಸ್ ಫ್ಯಾಕ್ಟರಿಗಳ ಕಟಿಂಗ್ ಚಿಂದಿ. ಬಳ್ಳಾರಿಯಲ್ಲಿ ಅದಕ್ಕೆ ಬರವಿಲ್ಲ, ತುಂಬಲು ಒಳ್ಳೆಯದೂ ಹೌದು. ಆದರೆ ದಿನ ಕಳೆದಂತೆ ಅದು ಕೆಳಕ್ಕೆ ಕೂತು, ಬುಡದ ಮೂರನೇ ಒಂದು ಭಾಗ ಕಲ್ಲಾಗುತ್ತದೆ. ಗಿಡ್ಡ ಹುಡುಗರ ಹೊಡೆತ ಬೀಳುವುದೇ ಅಲ್ಲಿ. ಎರಡು ಮೂರು ತಿಂಗಳಿಗೊಮ್ಮೆ ಇಳಿಸಿ, ಚಿಂದಿ ಹೊರತೆಗೆದು ಉದುರಿಸಿ, ಪದರ ಪದರವಾಗಿ ಮತ್ತೆ ತುಂಬಬೇಕು. ತೂಕ ಸಾಲದು ಅಂತ ಮರಳನ್ನಂತೂ ಹಾಕಲೇಬೇಡಿ.

ಒಳ್ಳೆಯ ಗ್ಲೌಸನ್ನೂ ನಮ್ಮ ಬಿಸಿಲು ಹಾಳು ಮಾಡುತ್ತದೆ. ಏಪ್ರಿಲ್, ಮೇನಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದರೆ ತಗಡಿನ ಹಾಲ್ ಒಳಗೆ ಇನ್ನೂ ಹೆಚ್ಚು. ಇವಿಎ ಬಿಸಿಗೆ ಮೆತ್ತಗಾಗುವ ಜಾತಿ. ಬೆಳಿಗ್ಗೆ ಎಸಿ ಅಂಗಡಿಯಲ್ಲಿ ಗಟ್ಟಿ ಅನಿಸಿದ್ದು ಸಂಜೆ ಹಾಲಿನಲ್ಲಿ ಒತ್ತಿದರೆ ಗೆಣ್ಣಿಗೇ ತಾಗುತ್ತದೆ. ಬೆವರು, ಸೆಕೆ ಸೇರಿದರೆ ಪಿಯು ರೆಕ್ಸಿನ್ ಸಿಪ್ಪೆ ಏಳುತ್ತದೆ. ಗ್ಲೌಸನ್ನು ಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತದೆ, ಚರ್ಮ ಬಿರಿಯುತ್ತದೆ. ಒಳಗೆ ಹಳೇ ಪೇಪರ್ ತುರುಕಿ, ಬಾಯಿ ಅಗಲಿಸಿ ಫ್ಯಾನ್ ಕೆಳಗೆ ಇಡಿ, ಒಂದು ಗಂಟೆಗೆ ಪೇಪರ್ ಬದಲಿಸಿ. ಕಿಟ್ ಬ್ಯಾಗಿನಲ್ಲಿ ಮುಚ್ಚಿಟ್ಟರೆ ಬೂಷ್ಟು ಗ್ಯಾರಂಟಿ. ಸಂಡೂರು, ಹೊಸಪೇಟೆ ರಸ್ತೆಯ ಕೆಂಪು ಧೂಳು ವೆಲ್ಕ್ರೋ ಸೇರಿ ಹಿಡಿತ ಬಿಡಿಸುತ್ತದೆ, ಹಳೇ ಟೂತ್‌ಬ್ರಷ್ಷಿನಿಂದ ತೆಗೆಯಿರಿ. ಒಬ್ಬರ ಗ್ಲೌಸ್ ಇನ್ನೊಬ್ಬರು ಹಾಕಿದರೆ ಗಜಕರ್ಣ ಹರಡುತ್ತದೆ. ಕೇಂದ್ರದ ಗ್ಲೌಸೇ ಹಾಕಬೇಕಾದರೆ ಸ್ವಂತ, ಒಗೆದ ಬ್ಯಾಂಡೇಜ್ ಇಲ್ಲದೆ ಹಾಕಬೇಡಿ.

ಈ ಲಾಟ್ ಬಂದ ದಾರಿಯನ್ನೂ ಹೇಳಬೇಕು. ಇಂಡೆಂಟಿನಲ್ಲಿ (ಖರೀದಿಯ ಬೇಡಿಕೆ ಪತ್ರದಲ್ಲಿ) ಬರೆದಿದ್ದದ್ದು "ಬಾಕ್ಸಿಂಗ್ ಗ್ಲೌಸ್, 16 ಔನ್ಸ್" ಅಂತ ಒಂದೇ ಸಾಲು. ಹಾಗೆ ಬರೆದರೆ ಎಲ್-ಒನ್ ಬರುವವನು, ಅಂದರೆ ಎಲ್ಲರಿಗಿಂತ ಕಡಿಮೆ ದರ ಹಾಕಿದವನು, ಇದನ್ನೇ ಕೊಡುತ್ತಾನೆ, ಬೇರೆ ಏನೂ ಕೊಡಬೇಕಾಗಿಲ್ಲ. ಈಗಿನ ಇಂಡೆಂಟಿನಲ್ಲಿ ಹೀಗೆ ಬರೆಸಿದ್ದೇವೆ: ಒಂದೊಂದು ಗ್ಲೌಸಿನ ತೂಕ ಗ್ರಾಂನಲ್ಲಿ, ಹತ್ತು ಗ್ರಾಂ ಒಳಗಿನ ವ್ಯತ್ಯಾಸ ಮಾತ್ರ. ಗೆಣ್ಣಿನ ಮೇಲೆ ಮೂರು ಪದರದ ಫೋಮ್ ಅಥವಾ ಒಂದೇ ಅಚ್ಚಿನ ಮೋಲ್ಡೆಡ್ ಫೋಮ್, ಕಿರುಬೆರಳಿನ ಅಂಚಿನವರೆಗೆ ಸಮ ದಪ್ಪ, ಚೂರು ತುಂಬಿದ್ದು ಬೇಡ. ಹೆಬ್ಬೆರಳ ಪಟ್ಟಿಗೆ ಎರಡು ಸಾಲು ಹೊಲಿಗೆ. ಮೊದಲು ಸ್ಯಾಂಪಲ್, ಅದನ್ನು ಸೀಲ್ ಮಾಡಿ ಇಟ್ಟು ಲಾಟ್ ಬಂದಾಗ ಪಕ್ಕದಲ್ಲಿಟ್ಟು ತೂಗುವುದು, ಲಾಟಿನಿಂದ ಒಂದನ್ನು ಆರಿಸಿ ಸೀಳಿ ನೋಡುವುದು, ಆ ಒಂದರ ಬದಲಿ ಸಪ್ಲೈಯರ್ ಕೊಡುವುದು. ಈ ಕೊನೆಯ ಸಾಲಿಗೆ ಅಕೌಂಟ್ಸ್ ವಿಭಾಗ ಇನ್ನೂ ಒಪ್ಪಿಲ್ಲ, ಫೈಲ್ ಅಲ್ಲೇ ಇದೆ. ಈ ಕೆಟ್ಟ ಲಾಟನ್ನು ರೈಟ್ ಆಫ್ ಮಾಡಲು (ಲೆಕ್ಕದಿಂದ ತೆಗೆಯಲು) ಅನುಮತಿ ಸಿಗುವವರೆಗೆ ಕಫ್ ಮೇಲೆ ಕೆಂಪು ಪೇಂಟ್ ಹಚ್ಚಿ ಬರಿ ಗಾಳಿಗೆ ಹೊಡೆಯುವ ಶ್ಯಾಡೋ ಬಾಕ್ಸಿಂಗಿಗೆ ಮಾತ್ರ ಕೊಡುತ್ತಿದ್ದೇವೆ. ಕೆಂಪು ಕಫ್ ಕಂಡರೆ ಬ್ಯಾಗಿನ ಹತ್ತಿರ ಯಾರನ್ನೂ ಬಿಡಬಾರದು ಅಂತ ಸೀನಿಯರ್ ಹುಡುಗರಿಗೆ ಹೇಳಿದೆ.