ಕಂಪ್ಯೂಟರ್ ಕಡೆ ಯಾಕೆ ಬಂದ್ರಿ?

ಸಂದರ್ಶನದಲ್ಲಿ ಈ ಪ್ರಶ್ನೆ ಕೇಳೋದು ನನಗೆ ತುಂಬಾ ಇಷ್ಟ. ಆದರೆ ನೇರವಾಗಿ ಕೇಳಿದರೆ ಬರೋದು ಬಾಯಿಪಾಠದ ಉತ್ತರವೇ. "ಚಿಕ್ಕಂದಿನಿಂದ ಆಸಕ್ತಿ ಸರ್", ಅಷ್ಟೇ. ಅದಕ್ಕೇ ಈಗ ಬೇರೆ ಥರ ಕೇಳ್ತೀನಿ: ಯಾರೂ ಹೇಳದೆ, ನೀವಾಗಿಯೇ ಕೂತು ಸರಿಮಾಡಿದ್ದು ಏನಾದರೂ ಇದೆಯಾ?

ಇವತ್ತು ಬಂದ ಹುಡುಗಿ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಶುರುವಾಯಿತು. ಅವಳು ಮಾಡಿದ್ದ ಪುಟ್ಟ ಆ್ಯಪ್‌ನಲ್ಲಿ ಕನ್ನಡದ ಹೆಸರುಗಳು ಅರ್ಧಕ್ಕೇ ತುಂಡಾಗಿ, ಕೊನೆಯಲ್ಲಿ ವಿಚಿತ್ರ ಗುರುತು ಬರುತ್ತಿತ್ತಂತೆ. ಇಂಗ್ಲಿಷ್ ಹೆಸರಿಗೆ ಏನೂ ತೊಂದರೆಯಿಲ್ಲ. ಹುಡುಕುತ್ತಾ ಹೋದಾಗ ಗೊತ್ತಾಗಿದ್ದು, ಹೆಸರಿಗೆ 20 ಬೈಟ್ (ಕಂಪ್ಯೂಟರ್ ಮೆಮೊರಿಯ ಪುಟ್ಟ ಅಳತೆ) ಜಾಗ ಅಂತ ಅವಳೇ ಮಿತಿ ಹಾಕಿದ್ದಳು. ಅಕ್ಷರಗಳನ್ನು ಬೈಟುಗಳಾಗಿ ಇಡೋ ಯುಟಿಎಫ್-8 ಅನ್ನೋ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ 'ಕ'ಗೆ 3 ಬೇಕು. 'ಕ್ಕ' ಅಂದರೆ ಕ, ಅದನ್ನು ಅರ್ಧಾಕ್ಷರ ಮಾಡೋ ಗುರುತು (್), ಮತ್ತೆ ಕ, ಒಂದೊಂದಕ್ಕೂ 3ರಂತೆ ಒಟ್ಟು 9! ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು ಬೈಟುಗಳನ್ನು ಸಾಲಾಗಿ ಬರೆದು, ಎಲ್ಲಿ ಕತ್ತರಿಸುತ್ತಿತ್ತು ಅಂತ ಗೆರೆ ಹಾಕಿ ತೋರಿಸಿದಳು. ಆ ಹೊತ್ತಿಗೆ ಸಂದರ್ಶನ ಅನ್ನೋದೇ ಅವಳಿಗೆ ಮರೆತುಹೋಗಿತ್ತು.

ಅವಳ ರೆಸ್ಯೂಮೆಯಲ್ಲಿ ಇದರ ಸುದ್ದಿಯೇ ಇಲ್ಲ. "ಇದನ್ನ ಯಾಕೆ ಬರೆದಿಲ್ಲ?" ಅಂದೆ. "ಇದು ಪ್ರಾಜೆಕ್ಟ್ ಅಲ್ವಲ್ಲಾ ಸರ್" ಅಂದಳು.

ಸಂಬಳಕ್ಕಾಗಿ ಈ ಕಡೆ ಬಂದೆ ಅನ್ನೋರೂ ಇರುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಮನೆ ನಡೀಬೇಕಲ್ವಾ? ಅವರಿಗೂ ಇದೇ ಪ್ರಶ್ನೆ ಕೇಳ್ತೀನಿ, ಎಷ್ಟೋ ಸಲ ಅವರ ಹತ್ರಾನೂ ಒಳ್ಳೇ ಕಥೆ ಸಿಗುತ್ತೆ. ಕೆಲಸ ಹುಡುಕುತ್ತಿರೋರೇ, ಇಂಥದ್ದು ನಿಮ್ಮ ಹತ್ರ ಇದ್ದರೆ ದಯವಿಟ್ಟು ರೆಸ್ಯೂಮೆಯ ಮೊದಲ ಪುಟದಲ್ಲೇ ಬರೀರಿ.