ಆ ರಾತ್ರಿ ಫ್ರಿಜ್‌ನಲ್ಲೇ ಉಳಿದ ಇಂಜೆಕ್ಷನ್

ತೊಗರಿ ರಾಶಿಯ ದಿನಗಳವು. ಯಾದಗಿರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ರಾತ್ರಿ ಡ್ಯೂಟಿಯಲ್ಲಿದ್ದೆ. ಒಂದೂ ಮುಕ್ಕಾಲರ ಹೊತ್ತಿಗೆ ಐವತ್ತರ ಆಸುಪಾಸಿನ ರೈತರೊಬ್ಬರನ್ನು ಅವರ ಮಗ ಬೈಕಿನ ಮೇಲೆ ಕೂರಿಸಿಕೊಂಡು ಬಂದ. "ನಮ್ಮಪ್ಪಗ ಎದಿ ಉರಿಲಾಕತ್ತದ್ರೀ ಸಾಹೇಬ್ರ, ಸಂಜಿಗಿ ಮಿರ್ಚಿ ತಿಂದಾರ್ರೀ" ಎಂದ. ಅವರ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು. ಐದು ನಿಮಿಷದೊಳಗೆ ಇಸಿಜಿ ತೆಗೆದೆವು. ವಿ1ರಿಂದ ವಿ4ರವರೆಗಿನ ಗೆರೆಗಳಲ್ಲಿ ಎಸ್‌ಟಿ ಎಂಬ ಭಾಗ ಎದ್ದು ನಿಂತಿತ್ತು. ಆಂಟೀರಿಯರ್ ವಾಲ್, ಅಂದರೆ ಹೃದಯದ ಮುಂಭಾಗದ ಗೋಡೆಗಾದ ಹೃದಯಾಘಾತ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಕೊಟ್ಟೆವು. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ತರಿಸಿದ್ದ, ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನಿನ ಒಂದೇ ಒಂದು ವಯಲ್ ಫ್ರಿಜ್‌ನಲ್ಲಿತ್ತು. "ಸರ್, ಲೋಡ್ ಮಾಡ್ಲೇನ್ರಿ?" ಎಂದು ಸಿಸ್ಟರ್ ಕೇಳಿದರು. ಬಿ.ಪಿ. 150/90 ಇತ್ತು. ಪಾರ್ಶ್ವವಾಯು, ರಕ್ತಸ್ರಾವ, ಇತ್ತೀಚಿನ ಆಪರೇಷನ್ ಯಾವುದೂ ಇರಲಿಲ್ಲ. ಆದರೂ ನಾನು "ಇರಿ, ಕಾರ್ಡಿಯಾಲಜಿಸ್ಟ್‌ರನ್ನು ಕೇಳೋಣ" ಎಂದೆ. ಪರಿಚಯದ ತಜ್ಞರೊಬ್ಬರಿಗೆ ಇಸಿಜಿಯ ಫೋಟೊ ಕಳಿಸಿ, ಉತ್ತರಕ್ಕಾಗಿ ಮೊಬೈಲ್ ನೋಡುತ್ತಾ ನಿಂತೆ. ಎರಡು ಸಲ ಕರೆ ಮಾಡಿದೆ. ಆ ಹೊತ್ತಿನಲ್ಲಿ ಅವರು ನಿದ್ರೆಯಲ್ಲಿದ್ದದ್ದು ತಪ್ಪಲ್ಲ. ನಲವತ್ತು ನಿಮಿಷ ಕಳೆದ ಮೇಲೆ ಕಲಬುರಗಿಗೆ ರೆಫರ್ ಎಂದು ಬರೆದೆ. 108 ಬಂದು ರೋಗಿ ಹೊರಟಾಗ ಮೂರು ಗಂಟೆ ದಾಟಿತ್ತು.

ಆ ನಲವತ್ತು ನಿಮಿಷ ನನ್ನ ತಲೆಯಲ್ಲಿದ್ದ ಲೆಕ್ಕವನ್ನು ಮುಚ್ಚಿಡದೆ ಹೇಳುತ್ತೇನೆ. ಲೈಸಿಸ್ ಮಾಡಿ, ಅಂದರೆ ಆ ಇಂಜೆಕ್ಷನ್ ಕೊಟ್ಟು ಹೆಪ್ಪು ಕರಗಿಸಿ, ಮೆದುಳಿನಲ್ಲಿ ರಕ್ತಸ್ರಾವವಾದರೆ ಹೊಣೆ ನನ್ನದು, ದಾರಿಯಲ್ಲಿ ಏನಾದರೂ ಆದರೆ ಹೊಣೆ ಯಾರದೂ ಅಲ್ಲ. ಹೃದ್ರೋಗ ತಜ್ಞರ ಸಂಘ ಹೊರಡಿಸುವ ಮಾರ್ಗಸೂಚಿಗಳು ತಜ್ಞರಿಗಾಗಿಯೇ ಇವೆ, ಎಂಬಿಬಿಎಸ್ ವೈದ್ಯನಿಗೆ ಅಲ್ಲಿ ಜಾಗವಿಲ್ಲ ಎಂದೂ ನಂಬಿದ್ದೆ.

ಮರುದಿನ ಫೋನಿನಲ್ಲಿ ಕಲಬುರಗಿಯ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ವಯಲ್ ಇಟ್ಟುಕೊಂಡು ಯಾಕೆ ಕಳಿಸಿದಿರಿ?" ರೋಗಿ ಉಳಿದಿದ್ದರು, ಆದರೆ ಎಕೋದಲ್ಲಿ ಇಎಫ್, ಅಂದರೆ ಹೃದಯ ರಕ್ತ ಪಂಪ್ ಮಾಡುವ ಶಕ್ತಿಯ ಅಳತೆ, ಶೇ. 30ಕ್ಕೆ ಇಳಿದಿತ್ತು.

ಆ ವಾರ ಕುಳಿತು ಭಾರತೀಯ ಹೃದ್ರೋಗ ಶಾಸ್ತ್ರ ಸಂಘವು ಸ್ಟೆಮಿ, ಅಂದರೆ ಎಸ್‌ಟಿ ಎದ್ದು ನಿಲ್ಲುವ ಇಂಥ ಹೃದಯಾಘಾತದ ಚಿಕಿತ್ಸೆಯ ಬಗ್ಗೆ 2017ರಲ್ಲಿ ಇಂಡಿಯನ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ನಿಲುವಿನ ದಾಖಲೆಯನ್ನು ಓದಿದೆ. 1948ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಸಂಘವದು. ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬ್ ದೂರವಿರುವ ಕಡೆ ಮೊದಲು ಲೈಸಿಸ್, ನಂತರ 24 ಗಂಟೆಯೊಳಗೆ ಆಂಜಿಯೋಗ್ರಾಂ ಎಂಬ ದಾರಿ ಅದರಲ್ಲಿ ಸ್ಪಷ್ಟವಾಗಿದೆ. ನಮ್ಮ ರಸ್ತೆ, ನಮ್ಮ ದೂರಗಳನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದಂತಿತ್ತು. ಇಂಥ ಸಂಘಕ್ಕೆ ನನ್ನ ಪರವಾನಗಿ ಕಸಿಯುವ ಅಧಿಕಾರವಿಲ್ಲ, ಅದು ವೈದ್ಯಕೀಯ ಪರಿಷತ್ತಿನ ಕೆಲಸ. ಸಂಘ ಮಾಡುವುದು ಬೇರೆಯೇ: ಅಧ್ಯಯನಗಳನ್ನು ತೂಗಿ ನೋಡಿ, ಇಂಥ ಸ್ಥಿತಿಯಲ್ಲಿ ಇದು ಸರಿಯಾದ ಚಿಕಿತ್ಸೆ ಎಂದು ಒಟ್ಟಾಗಿ ಬರೆದುಕೊಡುವುದು. ಬರೆದದ್ದನ್ನು ಪಾಲಿಸಿದ ವೈದ್ಯ ಒಂಟಿಯಲ್ಲ. ಆ ರಾತ್ರಿ ನಾನು ಫೋನಿನಲ್ಲಿ ಹುಡುಕುತ್ತಿದ್ದ ಅನುಮತಿ ಅಚ್ಚಾಗಿ ಬಹಳ ಕಾಲವಾಗಿತ್ತು.

ಸಂಘದ ಮೇಲೂ ನನ್ನ ದೂರಿದೆ, ಅದನ್ನು ಗೌರವದಿಂದಲೇ ಹೇಳುತ್ತೇನೆ. ಸಮ್ಮೇಳನಗಳು ದೊಡ್ಡ ನಗರಗಳಲ್ಲಿ ನಡೆಯುತ್ತವೆ, ದಾಖಲೆಗಳು ಇಂಗ್ಲಿಷಿನಲ್ಲಿ ಹತ್ತಾರು ಪುಟ ಇರುತ್ತವೆ. ರೋಗಿ ಮೊದಲು ಬರುವುದು ನಮ್ಮ ಕ್ಯಾಶುವಾಲ್ಟಿಗೆ. ರಾಜ್ಯ ಶಾಖೆಯವರು ವರ್ಷಕ್ಕೊಮ್ಮೆ ಯಾದಗಿರಿಗೆ ಬಂದು, ವೈದ್ಯರ ಜೊತೆಗೆ ಶುಶ್ರೂಷಾಧಿಕಾರಿಗಳನ್ನೂ 108 ಸಿಬ್ಬಂದಿಯನ್ನೂ ಕೂರಿಸಿ ಕನ್ನಡದಲ್ಲಿ ಒಂದು ದಿನ ಕಲಿಸಿದರೆ ಎಷ್ಟು ಹೃದಯದ ಸ್ನಾಯು ಉಳಿದೀತು! ಔಷಧ ಸರಬರಾಜಿನ ಮೇಲಿನವರಿಗೂ ಒಂದು ಮಾತು: ಒಂದೇ ವಯಲ್ ಇದ್ದರೆ ಅದನ್ನು ಬಳಸಲು ಕೈ ಹಿಂಜರಿಯುತ್ತದೆ.

ಈಗ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದು, ಜಯದೇವದಂಥ ಹಬ್‌ಗಳಿಂದ, ಅಂದರೆ ಕೇಂದ್ರ ಆಸ್ಪತ್ರೆಗಳಿಂದ, ತಜ್ಞರು ಇಸಿಜಿ ನೋಡಿ ಹೇಳುವ ವ್ಯವಸ್ಥೆಯಾಗಿದೆ. ಆದರೂ ನಮ್ಮ ಎಮರ್ಜೆನ್ಸಿ ಟ್ರಾಲಿಯ ಮೇಲಿನ ಗೋಡೆಗೆ ಟೆನೆಕ್ಟೆಪ್ಲೇಸ್ ಪ್ರಮಾಣದ ಒಂದು ಹಾಳೆ ಅಂಟಿಸಿದ್ದೇನೆ: ರೋಗಿಯ ತೂಕ 60 ಕೆ.ಜಿ.ಗಿಂತ ಕಡಿಮೆಯಿದ್ದರೆ 30 ಮಿ.ಗ್ರಾಂ., ಅಲ್ಲಿಂದ ಪ್ರತಿ 10 ಕೆ.ಜಿ.ಗೆ 5 ಹೆಚ್ಚು, 50ಕ್ಕಿಂತ ಮೇಲೆ ಬೇಡ, 75 ವರ್ಷ ದಾಟಿದವರಿಗೆ ಅರ್ಧ. ಅದರ ಕೆಳಗೆ, ಕೊಡಬಾರದ ಸಂದರ್ಭಗಳು. ಆ ರೈತರು ಫಾಲೋಅಪ್‌ಗೆ ಬರುತ್ತಾರೆ. ತೊಗರಿ ಚೀಲ ಎತ್ತುವುದನ್ನು ಬಿಟ್ಟಿದ್ದಾರೆ, ಮಗ ಎತ್ತುತ್ತಾನೆ.