ಕರಿಯನ ಹುಳು, ಪುಟ್ಟಿಯ ಮರಳು
18 ನವೆಂಬರ್ 2024, ಸೋಮವಾರ

ಅಡಿಕೆ ಸುಲಿಯುವವರಿಗೆ ಕಾಫಿ ಕೊಟ್ಟು ಬರುವಷ್ಟರಲ್ಲಿ ಅಂಗಳದಿಂದ ಅತ್ತೆಯ ಕೂಗು. ನಮ್ಮ ನಾಯಿಮರಿ ಕರಿಯ ಮೂಲೆಯಲ್ಲಿ ಕಕ್ಕ ಮಾಡಿದ್ದ. ಅದರ ತುಂಬ ಹುಳು. ಬೆಳ್ಳಗೆ, ಬೆರಳುದ್ದ, ಬೇಯಿಸಿದ ಶಾವಿಗೆಯ ಹಾಗೆ ಸುತ್ತಿಕೊಂಡು ಬಿದ್ದಿದ್ದವು. ಒಂದೆರಡು ಇನ್ನೂ ಮಿಸುಕುತ್ತಿದ್ದವು. ನಿನ್ನೆ ಸಂಜೆ ಕುಡಿಸಿದ ಔಷಧಿಯ ಕೆಲಸ.

"ನಾಳೆ ಈ ಮರಿ ಮನೇಲಿ ಇರಬಾರ್ದು. ಪುಟ್ಟಿ ಇದನ್ನ ಮಡಿಲಲ್ಲಿ ಹಾಕ್ಕೊಂಡೇ ಕೂತಿರ್ತಾಳೆ" ಎಂದರು ಅತ್ತೆ. ಅವರ ಭಯ ಸುಮ್ಮನೆ ಅಲ್ಲ. ನನಗೂ ಹೊಟ್ಟೆಯೊಳಗೆ ಏನೋ ತಿರುಚಿದಂತಾಯಿತು.

ದನದ ಡಾಕ್ಟರಿಗೆ ಫೋನ್ ಮಾಡಿದೆ.

"ಹುಳು ಹೊರಗೆ ಬಂತಲ್ಲ ಅಮ್ಮಾ, ಒಳ್ಳೇದಾಯ್ತು ಬಿಡಿ."

"ಇಷ್ಟು ಸಣ್ಣ ಮರಿಗೆ ಎಲ್ಲಿಂದ ಬಂತು ಡಾಕ್ಟ್ರೇ? ನಮ್ಮ ಮನೇದು ಬಿಟ್ಟು ಬೇರೇನೂ ತಿಂದಿಲ್ಲ."

"ತಾಯಿ ಹೊಟ್ಟೇಲಿರುವಾಗಲೇ ಬಂದಿರುತ್ತೆ."

ತಾಯಿನಾಯಿಯ ಮಾಂಸದೊಳಗೆ ಹುಳುವಿನ ಮರಿಗಳು ಸದ್ದಿಲ್ಲದೆ ಮಲಗಿರುತ್ತವಂತೆ. ನಾಯಿ ಬಸಿರಾದಾಗ ಎಚ್ಚರವಾಗಿ ಹೊಟ್ಟೆಯಲ್ಲಿರುವ ಮರಿಗಳಿಗೆ ದಾಟುತ್ತವೆ. ಹುಟ್ಟಿದ ಮೇಲೆ ಹಾಲಿನಲ್ಲೂ ಹೋಗುತ್ತವೆ. ಅದಕ್ಕೇ ಎರಡು ವಾರದ ಮರಿಗೇ ಹುಳುವಿನ ಔಷಧಿ ಶುರು ಮಾಡಬೇಕು. ಎರಡು ತಿಂಗಳಾಗುವ ತನಕ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಕರಿಯ ನಮ್ಮ ಮನೆಗೆ ಬಂದಿದ್ದೇ ಮೊನ್ನೆ ಮೊನ್ನೆ. ಆ ಗುಂಡು ಹೊಟ್ಟೆ ನೋಡಿ ಪುಟ್ಟಿ ಎಷ್ಟು ಮುದ್ದಿಸಿದ್ದಳು!

"ಅವಳ ಮುಖವೆಲ್ಲ ನೆಕ್ಕುತ್ತೆ" ಅಂದೆ.

"ಮುಖ ತೊಳೆಸಿ. ಆದ್ರೆ ನೆಕ್ಕೋದಕ್ಕಿಂತ ಮಣ್ಣಿನ ಭಯಾನೇ ಜಾಸ್ತಿ. ಇವತ್ತು ಮಾಡಿದ ಕಕ್ಕದಲ್ಲಿರೋ ಮೊಟ್ಟೆ ಇವತ್ತೇ ಏನೂ ಮಾಡಲ್ಲ. ಅದು ಬಲಿಯೋಕೆ ಎರಡು ವಾರನಾದ್ರೂ ಬೇಕು. ಎತ್ತದೆ ಬಿಟ್ರೆ ಮಳೆಗೆ ಕರಗಿ ಹೋಗುತ್ತೆ, ಕಣ್ಣಿಗೆ ಕಾಣಲ್ಲ. ಮೊಟ್ಟೆ ಮಾತ್ರ ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತೆ. ಫಿನಾಯಿಲ್ ಹಾಕಿದ್ರೂ ಸಾಯಲ್ಲ. ಅವತ್ತಿಂದು ಅವತ್ತೇ ಎತ್ತಿ ಆಳವಾಗಿ ಹೂತುಬಿಡಿ, ಅಷ್ಟೇ."

ಇಷ್ಟು ಸಣ್ಣ ಕೆಲಸ! ಮರಿಯನ್ನು ಯಾಕೆ ಓಡಿಸಬೇಕು? ಓಡಿಸಿದರೆ ಅದು ಬೀದಿಯಲ್ಲೇ ಇರುತ್ತದೆ, ಅಲ್ಲೇ ಕಕ್ಕ ಮಾಡುತ್ತದೆ, ಆ ಮಣ್ಣಿನಲ್ಲಿ ಬೇರೆಯವರ ಮಕ್ಕಳು ಆಡುತ್ತಾರೆ.

ಅತ್ತೆಗೆ ಎಲ್ಲ ಹೇಳಿದೆ. "ಮತ್ತೆ ಇವಳು ರಾತ್ರಿಯೆಲ್ಲ ಕುಂಡೆ ತುರಿಸ್ಕೊಳ್ತಿದ್ದಳಲ್ಲ?" ಎಂದರು. ಅದು ದಾರಹುಳು. ಮನುಷ್ಯರಿಂದ ಮನುಷ್ಯರಿಗೇ ಬರೋದು, ನಾಯಿಯಿಂದಲ್ಲ. ಅತ್ತೆ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಕರಿಯನಿಗೆ ಗಂಜಿ ಮಾತ್ರ ಹಾಕಿದರು.

ಮಧ್ಯಾಹ್ನ ಇವರನ್ನು ಹಿಡಿದು ಕೂರಿಸಿ, ಕಾಂಪೌಂಡ್ ಕೆಲಸಕ್ಕೆ ತರಿಸಿದ್ದ ಮರಳಿನ ರಾಶಿಗೆ ಟಾರ್ಪಾಲು ಹೊದಿಸಿದೆವು. ಪುಟ್ಟಿಯ ಆಟವೆಲ್ಲ ಅಲ್ಲೇ. ಪಕ್ಕದ ಮನೆ ಬೆಕ್ಕು ಕೆರೆದು ಕೂರುವುದೂ ಅಲ್ಲೇ. ಬೆಕ್ಕಿಗೂ ಇದೇ ಜಾತಿಯ ಹುಳು ಇರುತ್ತದೆ. ಅವಳು ಅತ್ತು ರಂಪ ಮಾಡಿದಳು. ಕೈ ತೊಳೆಸುವಾಗ ನೋಡಿದೆ, ಉಗುರಿನ ಸಂದಿಯಲ್ಲೆಲ್ಲ ಮರಳು. ಎಳೆದು ಕೂರಿಸಿ ಹತ್ತೂ ಬೆರಳಿನ ಉಗುರು ಕತ್ತರಿಸಿದೆ.

ಈಗ ರಾತ್ರಿ. ಎಲ್ಲರೂ ಮಲಗಿದ್ದಾರೆ. ಓದಬಾರದು ಅಂದುಕೊಂಡೇ ಓದಿದೆ. ಈ ಹುಳು ಮಗುವಿನ ಕರುಳಿನಲ್ಲಿ ದೊಡ್ಡದಾಗುವುದಿಲ್ಲ. ಮೊಟ್ಟೆಯೊಡೆದ ಮರಿ ಕರುಳು ದಾಟಿ ರಕ್ತಕ್ಕೆ ಸೇರಿ ಲಿವರ್, ಶ್ವಾಸಕೋಶ ಎಂದು ಅಲೆಯುತ್ತದೆ. ಹಾಗಾಗಿ ಮಗುವಿನ ಕಕ್ಕ ಪರೀಕ್ಷೆ ಮಾಡಿಸಿದರೆ ಸಿಗುವುದೇ ಇಲ್ಲ, ರಕ್ತ ಪರೀಕ್ಷೆಯೇ ಆಗಬೇಕು. ಅಂಗನವಾಡಿಯಲ್ಲಿ ವರ್ಷಕ್ಕೆರಡು ಸಲ ಕೊಡುವ ಜಂತುಹುಳು ಮಾತ್ರೆ ಮನುಷ್ಯರ ಹುಳುವಿಗೆ ಬೇಕೇ ಬೇಕು, ತಪ್ಪಿಸಬಾರದು. ಈ ಅಲೆಮಾರಿಗೆ ಆ ಒಂದು ಮಾತ್ರೆ ಸಾಲದು. ಹೆಚ್ಚಿನ ಮಕ್ಕಳಿಗೆ ಏನೂ ಗೊತ್ತಾಗದೆ ಹೋಗಿಬಿಡುತ್ತದೆ. ಕೆಲವರಿಗೆ ಜ್ವರ, ಕೆಮ್ಮು, ಉಬ್ಬಸ. ಅಪರೂಪಕ್ಕೆ ಕಣ್ಣು.

1950ರಲ್ಲಿ ಅಮೆರಿಕದ ವೈಲ್ಡರ್ ಎಂಬ ಸಂಶೋಧಕಿ, ಆಪರೇಷನ್ ಮಾಡಿ ತೆಗೆದಿದ್ದ ಮಕ್ಕಳ 46 ಕಣ್ಣುಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ ಹೆಚ್ಚಿನವನ್ನು ಕ್ಯಾನ್ಸರ್ ಇರಬಹುದೆಂದು ತೆಗೆದಿದ್ದರು. 24ರಲ್ಲಿ ಇದ್ದದ್ದು ಹುಳುವಿನ ಮರಿಯ ಗುರುತು. ಅದನ್ನು ಓದಿದ ಮೇಲೆ ಎದ್ದು ಹೋಗಿ ಪುಟ್ಟಿಯನ್ನು ನೋಡಿ ಬಂದೆ. ನಾಳೆ ಮಕ್ಕಳ ಡಾಕ್ಟರ ಹತ್ತಿರ ಒಂದು ಮಾತು ಕೇಳಬೇಕು.

ಕರಿಯನ ತಾಯಿ ಮಲಗುವುದು ಅಂಗನವಾಡಿ ಹಿಂದುಗಡೆ. ಮುಂದಿನ ಸೂಲಿನ ಮರಿಗಳೂ ಹೀಗೇ ಹುಳು ಹೊತ್ತು ಹುಟ್ಟುತ್ತವೆ. ಅದಕ್ಕೆ ಔಷಧಿ ಹಾಕುವವರು ಯಾರು? ಡಾಕ್ಟರು ಮಾತ್ರೆ ಕೊಟ್ಟರೆ ನಾನೇ ಬೆಲ್ಲದಲ್ಲಿಟ್ಟು ತಿನ್ನಿಸಬಹುದು. ಟೀಚರ್ ಹತ್ತಿರವೂ ಮಾತಾಡಬೇಕು, ಆ ಹಿಂದುಗಡೆ ಜಾಗಕ್ಕೆ ಒಂದು ಬೇಲಿ ಹಾಕಿಸಿದರೆ, ಪಂಚಾಯ್ತಿಯವರು ಒಪ್ಪಿದರೆ...